ಕಚ್ಚೆ ಹಾಕಿ ಮುಳ್ಳಯ್ಯನಗಿರಿ: ಹತ್ತಿ ಪಂಚೆಯಾ, ಜೆರ್ಸಿ ಬಟ್ಟೆಯಾ?

ಬೆಟ್ಟ ಹತ್ತಲು ತೊಡುವ ಟ್ರ್ಯಾಕ್ ಪ್ಯಾಂಟಿನ ಪಕ್ಕಕ್ಕೆ ಇಳಕಲ್ ಸೀರೆಯ ಅಂಚು ಹೊಲಿದರೆ ಹಳೆಯ ಉಡುಪೂ ಸ್ಪೋರ್ಟ್ಸ್ ಬಟ್ಟೆಯೂ ಸೇರಿದಂತಾಯಿತಾ? ನನಗೆ ಹಾಗನ್ನಿಸುವುದಿಲ್ಲ. ಅದನ್ನೂ ಹೊಲಿಸಿ ನೋಡಿದ್ದೇನೆ. ನೋಡಲು ಚೆಂದ. ಆದರೆ ಮಂಡಿ ಮಡಚಿದಾಗೆಲ್ಲ ಹಿಗ್ಗುವ ಬಟ್ಟೆಯನ್ನು ಹಿಗ್ಗದ ಅಂಚು ಹಿಡಿದೆಳೆಯುತ್ತದೆ.

ನಿಜವಾದ ಪೈಪೋಟಿ ಇನ್ನೆರಡರ ನಡುವೆ. ಒಂದು, ಹತ್ತಿ ಪಂಚೆಯನ್ನೇ ಕಚ್ಚೆ ಹಾಕಿ ಉಟ್ಟು, ಒಳಗೆ ರನ್ನಿಂಗ್ ಟೈಟ್ಸ್. ಇನ್ನೊಂದು, ಜೆರ್ಸಿಯ ಪಾಲಿಯೆಸ್ಟರಿನಲ್ಲಿ ಹೊಲಿಸಿದ ಕಚ್ಚೆ ಪ್ಯಾಂಟ್. ಎರಡನ್ನೂ, ಚಾರಣ ಶುರುವಾಗುವ ಸರ್ಪದಾರಿಯಿಂದ ಮುಳ್ಳಯ್ಯನಗಿರಿ ಏರಿಯೇ ಪರೀಕ್ಷಿಸಿದೆ. 1,930 ಮೀಟರ್ ಎತ್ತರದ ಬೆಟ್ಟ. ಬಿಸಿಲು, ಗಾಳಿ, ಮಂಜು ಎಲ್ಲ ಒಂದೇ ಬೆಳಿಗ್ಗೆ ಸಿಗುತ್ತವೆ.

ಕಾಲಾಡಿಸಲು ಪಂಚೆಯೇ ಮೇಲು. ಎತ್ತರದ ಕಲ್ಲಿಗೆ ಕಾಲಿಟ್ಟಾಗ ತೊಡೆಸಂದಿಯಲ್ಲಿ ಎಳೆಯುವ ಹೊಲಿಗೆಯೇ ಇಲ್ಲ. ಬೇಕಾದಷ್ಟು ಬಟ್ಟೆ ಮಡಿಕೆಯಿಂದ ಬಿಚ್ಚಿಕೊಳ್ಳುತ್ತದೆ, ಕಾಲಿಳಿಸಿದರೆ ಮತ್ತೆ ಸೇರಿಕೊಳ್ಳುತ್ತದೆ. ಕಚ್ಚೆಯ ಜಾಣತನವೆಲ್ಲ ಇಲ್ಲೇ ಇದೆ. ಆದರೆ ಮಂಜು ಇಳಿದ ಮೇಲೆ ಕಥೆ ಬೇರೆ. ಹತ್ತಿ ಸಾಮಾನ್ಯ ಹವೆಯಲ್ಲೇ ತನ್ನ ತೂಕದ ಶೇ. 7-8ರಷ್ಟು ತೇವ ಹಿಡಿದಿಟ್ಟುಕೊಳ್ಳುತ್ತದೆ, ಪಾಲಿಯೆಸ್ಟರ್ ಶೇ. 0.4ರಷ್ಟು ಮಾತ್ರ. ಒದ್ದೆ ಪಂಚೆ ಭಾರವಾಗಿ ಸೊಂಟದಿಂದ ಜಾರತೊಡಗಿತು. ಹಿಂದೆ ಸಿಕ್ಕಿಸಿದ ತುದಿ ಟೈಟ್ಸಿನ ನುಣುಪಿಗೆ ನಿಲ್ಲಲೇ ಇಲ್ಲ.

ಪಾಲಿಯೆಸ್ಟರಿನ ಇನ್ನೊಂದು ಗುಣ ಇಲ್ಲಿ ಕೈಹಿಡಿಯಿತು. ಬಿಸಿಯಲ್ಲಿ ಒತ್ತಿದ ನೆರಿಗೆ ಒಗೆದರೂ ಹೋಗುವುದಿಲ್ಲ. ಜಪಾನಿನ ವಸ್ತ್ರವಿನ್ಯಾಸಕ ಇಸ್ಸೆ ಮಿಯಾಕೆ 1993ರಲ್ಲಿ ಶುರು ಮಾಡಿದ 'ಪ್ಲೀಟ್ಸ್ ಪ್ಲೀಸ್' ಉಡುಪುಗಳ ಗುಟ್ಟೂ ಇದೇ: ಮೊದಲು ದೊಡ್ಡದಾಗಿ ಹೊಲಿದು, ಆಮೇಲೆ ಕಾಗದದ ನಡುವೆ ಇಟ್ಟು ನೆರಿಗೆ ಒತ್ತುವುದು. ನಾನು ಹಾಸನದಲ್ಲಿ ಜೆರ್ಸಿಗೆ ಹೆಸರು, ನಂಬರು ಒತ್ತಿಕೊಡುವ ಅಂಗಡಿಯ ಹೀಟ್ ಪ್ರೆಸ್‌ನಲ್ಲೇ ಮಾಡಿಸಿದೆ. ಮುಂಭಾಗದ ನೆರಿಗೆಗಳು ಶಿಖರದವರೆಗೂ ಅಲುಗಲಿಲ್ಲ. ಮಂಜಿನಲ್ಲಿ ನೆನೆದ ಪ್ಯಾಂಟ್ ಗಾಳಿಗೆ ಬೇಗ ಆರಿತು.

ಹಾಗಂತ ಅದಕ್ಕೆ ಪೂರ್ತಿ ಅಂಕ ಕೊಡಲಾರೆ. ಕಚ್ಚೆಯ ರೂಪ ಬಂದರೂ ಟೈಲರ್ ಕತ್ತರಿಸಿದ್ದು ಪೈಜಾಮದ ಅಳತೆಗೇ. ದೊಡ್ಡ ಹೆಜ್ಜೆ ಹಾಕಿದರೆ ನಡುಹೊಲಿಗೆ ಎಳೆಯುತ್ತಿತ್ತು. ಅದನ್ನು ಬಿಚ್ಚಿಸಿ ಎರಡು ಕಾಲುಗಳ ನಡುವೆ ಒಂದು ಚೌಕದ ತುಂಡು ಸೇರಿಸಿದ ಮೇಲೆ ಪಂಚೆಯ ಸುಖ ಮುಕ್ಕಾಲು ಪಾಲು ಸಿಕ್ಕಿತು. ಬಿಸಿಲಿನಲ್ಲಿ ಮಾತ್ರ ಹತ್ತಿಯೇ ಹಿತ, ಪಾಲಿಯೆಸ್ಟರಿಗೆ ಬೆವರಿನ ವಾಸನೆ ಜಾಸ್ತಿ ಅಂಟುತ್ತದೆ.

ಮೇಲಂಗಿಯ ವಿಷಯದಲ್ಲಿ ನನಗೆ ಅನುಮಾನವೇ ಇಲ್ಲ: ಜಿಪ್ಪಿನ ಅಂಗಿಗಿಂತ, ಗುಂಡಿಯ ಬದಲು ದಾರ ಕಟ್ಟಿಕೊಳ್ಳುವ ಕಸೆ ಅಂಗಿ ಒಳ್ಳೆಯದು. ಬೆವರಿದರೆ ಎರಡು ಕಸೆ ಬಿಚ್ಚಿ, ಚಳಿಯಾದರೆ ಬಿಗಿ ಮಾಡಿ. ಗಂಟುಗಳು ಪಕ್ಕೆಗೆ ಬರಲಿ, ಹೆಗಲ ಮೇಲಿದ್ದರೆ ಬ್ಯಾಗಿನ ಪಟ್ಟಿ ಒತ್ತಿ ನೋವಾಗುತ್ತದೆ.

ಮಳೆಗಾಲದ ಮಲೆನಾಡಿಗೆ ಚೌಕ ಸೇರಿಸಿದ ಪಾಲಿಯೆಸ್ಟರ್ ಕಚ್ಚೆ, ಮೇಲೆ ಕಸೆ ಅಂಗಿ. ಬೇಸಿಗೆಯಲ್ಲಿ ಪಂಚೆಯೇ ಆಗಲಿ ಅನ್ನುವವರು ಟೈಟ್ಸಿನ ಹಿಂಬದಿಗೆ, ಸೊಂಟದ ಹತ್ತಿರ, ಒಂದು ಬಟ್ಟೆಯ ಕುಣಿಕೆ ಹೊಲಿಸಿಕೊಳ್ಳಿ. ಕಚ್ಚೆಯ ತುದಿ ಅದರೊಳಗೆ ತೂರಿಸಿದರೆ ಜಾರುವುದಿಲ್ಲ.