ಗಾಗಲ್ಸಾ, ವೈಸರ್ರಾ? ಕನ್ನಡಕ ಹಾಕುವವಳ ಓಟು ಯಾವುದಕ್ಕೆ

ಮೊದಲೇ ಹೇಳಿಬಿಡುತ್ತೇನೆ. ನನಗೆ ಎರಡೂ ಕಣ್ಣಿಗೆ ಮೈನಸ್ ನಾಲ್ಕರ ಹತ್ತಿರ ಪವರ್ ಇದೆ. ಮಾಡುವ ಕೆಲಸವೂ ಕನ್ನಡಕದ್ದೇ, ಲೆನ್ಸ್ ಉಜ್ಜಿ ಫ್ರೇಮಿಗೆ ಕೂರಿಸುವುದು. ಬೆಳಿಗ್ಗೆ ಬೈಕಿನಲ್ಲಿ ಹೋಗಿ ಕತ್ತಲಾದ ಮೇಲೆ ವಾಪಸ್ ಬರುತ್ತೇನೆ. ಈ ರಿವ್ಯೂ ಓದುವಾಗ ಇಷ್ಟು ನೆನಪಿರಲಿ. ಕನ್ನಡಕ ಇಲ್ಲದವರಿಗೆ ನನ್ನ ಅರ್ಧ ಗೋಳು ತಟ್ಟುವುದೇ ಇಲ್ಲ, ಪುಣ್ಯವಂತರು.

ಬಳಸಿ ನೋಡಿದ್ದು ಮುಖ್ಯವಾಗಿ ಎರಡು. ಒಂದು, ಮುಖ ತೆರೆದಿರುವ ಹೆಲ್ಮೆಟ್ ಜೊತೆಗೆ ಕನ್ನಡಕದ ಮೇಲೆಯೇ ಹಾಕುವಂಥ ಗಾಗಲ್ಸ್. ಇನ್ನೊಂದು, ಗದ್ದದ ಭಾಗವನ್ನು ಮೇಲಕ್ಕೆತ್ತಬಹುದಾದ ಮಾಡ್ಯುಲರ್ ಹೆಲ್ಮೆಟ್, ಅದರ ಪ್ಲೇನ್ ವೈಸರ್ (ಮುಖದ ಮುಂದೆ ಇಳಿಯುವ, ಬಣ್ಣವಿಲ್ಲದ ಪಾರದರ್ಶಕ ಶೀಲ್ಡ್), ವೈಸರಿನ ಒಳಗೆ ಮಂಜು ಹಿಡಿಯದಂತೆ ಕೂರಿಸುವ ಇನ್ಸರ್ಟ್. ಬಿಸಿಲು, ಮಳೆ, ಚಳಿ ಮೂರನ್ನೂ ಎರಡಕ್ಕೂ ತೋರಿಸಿದ್ದೇನೆ. ಕಂಪನಿ ಹೆಸರು ಬರೆಯುವುದಿಲ್ಲ. ನನ್ನ ಕೈಗೆ ಸಿಕ್ಕ ಒಂದು ಪೀಸ್ ನೋಡಿ ಇಡೀ ಕಂಪನಿಗೆ ಮಾರ್ಕ್ಸ್ ಹಾಕುವುದು ನ್ಯಾಯ ಅಲ್ಲ.

"ಕನ್ನಡಕ ಇದೆಯಲ್ಲ, ಅದೇ ಸಾಕು" ಎನ್ನುವವರು ಕೌಂಟರಿಗೆ ದಿನಾ ಬರುತ್ತಾರೆ. ಸಾಕಾಗುವುದಿಲ್ಲ. ಗಾಳಿ ಕನ್ನಡಕದ ಪಕ್ಕದಿಂದ ನುಗ್ಗುತ್ತದೆ, ಜೊತೆಗೆ ಧೂಳನ್ನೂ ತರುತ್ತದೆ. ಗಂಟೆಗೆ 60 ಕಿಲೋಮೀಟರ್ ವೇಗ ಅಂದರೆ ಸೆಕೆಂಡಿಗೆ ಸುಮಾರು 17 ಮೀಟರ್. ಆ ವೇಗದಲ್ಲಿ ಒಂದು ದುಂಬಿ ಬಂದು ಬಡಿದರೂ ಸಾಕು. ಮಾಮೂಲಿ ಕನ್ನಡಕದ ಸಿಆರ್-39 ಎಂಬ ಪ್ಲಾಸ್ಟಿಕ್ ಲೆನ್ಸ್ ಗಟ್ಟಿ ಏಟಿಗೆ ಚೂರಾಗಬಹುದು, ಆ ಚೂರಿಗೆ ಚೂಪು ಅಂಚು ಇರುತ್ತದೆ. 1981ರಲ್ಲಿ ಹ್ಯಾರಿ ಹರ್ಟ್ ಮತ್ತು ಅವರ ತಂಡ ಲಾಸ್ ಏಂಜಲೀಸ್ ಸುತ್ತಮುತ್ತಲಿನ 900 ಬೈಕ್ ಅಪಘಾತಗಳನ್ನು ಸ್ಥಳಕ್ಕೇ ಹೋಗಿ ನೋಡಿ ವರದಿ ಕೊಟ್ಟಿತ್ತು. ಅಪಘಾತಕ್ಕೆ ಸಿಕ್ಕ ಸವಾರರಲ್ಲಿ 73% ಮಂದಿ ಕಣ್ಣಿಗೆ ಯಾವ ರಕ್ಷಣೆಯನ್ನೂ ಹಾಕಿರಲಿಲ್ಲ. ಗಾಳಿ ಬಡಿದು ಕಣ್ಣು ಮಬ್ಬಾಗಿ, ಎದುರಿನ ಅಪಾಯ ಕಾಣುವುದೇ ತಡವಾಗಿರಬಹುದು ಎಂದು ಆ ವರದಿ ಹೇಳುತ್ತದೆ. ಕಣ್ಣಿಗೆ ಕಲ್ಲು ಬೀಳುವುದು ಅಪರೂಪ. ಕಣ್ಣಲ್ಲಿ ನೀರು ಬರುವುದು ದಿನದ ಪಾಡು.

ಸರಿ, ಗಾಗಲ್ಸ್ ವಿಷಯಕ್ಕೆ ಬರೋಣ.

ಇದರ ಫ್ರೇಮ್ ಆಳವಾಗಿದೆ. ಎರಡೂ ಪಕ್ಕದಲ್ಲಿ ಕನ್ನಡಕದ ಕಡ್ಡಿ ಹಾಯಲು ಸ್ಪಂಜಿನಲ್ಲಿ ಸಣ್ಣ ಕಚ್ಚು ಮಾಡಿದ್ದಾರೆ. ಸ್ಪಂಜು ಮೂರು ಪದರ, ಮುಖಕ್ಕೆ ತಾಗುವ ಪದರ ಬಟ್ಟೆಯ ಹಾಗೆ ಮೆತ್ತಗಿದೆ, ಬೆವರು ಹೀರುತ್ತದೆ. ಹೆಲ್ಮೆಟ್ ಮೇಲಿಂದ ಹೋಗುವ ಪಟ್ಟಿಯ ಒಳಗೆ ಸಿಲಿಕೋನ್ ಗೆರೆ ಎಳೆದಿದ್ದಾರೆ, ಅದು ಜಾರುವುದಿಲ್ಲ. ಧೂಳಿನ ರಸ್ತೆಯಲ್ಲಿ ಇದಕ್ಕೆ ಸಾಟಿ ಇಲ್ಲ. ಮುಂದೆ ಟಿಪ್ಪರ್ ಹೋಗುತ್ತಿದ್ದರೂ ಕಣ್ಣು ಒಂದಿಷ್ಟೂ ಉರಿಯಲಿಲ್ಲ. ಮಣ್ಣಿನ ಹಾದಿಯಲ್ಲಿ ರೇಸ್ ಓಡಿಸುವವರು ಇವತ್ತಿಗೂ ಗಾಗಲ್ಸ್ ಬಿಟ್ಟಿಲ್ಲ ಅಂದರೆ ಸುಮ್ನೆ ಅಲ್ಲ.

ಕೊಳ್ಳುವಾಗ ಗುರುತು ನೋಡಿ ಕೊಳ್ಳಿ. ಯುರೋಪಿನಲ್ಲಿ ಬೈಕ್ ಗಾಗಲ್ಸ್‌ಗೆ ಅಂತಲೇ ಇಎನ್ 1938 ಎಂಬ ಮಾನದಂಡ ಇದೆ. ಅಮೆರಿಕದ ಪದ್ಧತಿಯಲ್ಲಾದರೆ ಲೆನ್ಸಿನ ಮೇಲೆ ಝಡ್ 87 ಅಂತ ಬರೆದು, ಪಕ್ಕದಲ್ಲಿ ಪ್ಲಸ್ ಚಿಹ್ನೆ ಇರುತ್ತದೆ. ಆ ಪ್ಲಸ್ ಇದ್ದರೆ ವೇಗವಾಗಿ ಹಾರಿಬರುವ ಉಕ್ಕಿನ ಗುಂಡಿನ ಪರೀಕ್ಷೆ ಪಾಸಾಗಿದೆ ಎಂದು ಅರ್ಥ. ಪ್ಲಸ್ ಇಲ್ಲದ ಬರೀ 87ಕ್ಕೆ ಆ ಪರೀಕ್ಷೆ ಇಲ್ಲ. ಯಾವ ಗುರುತೂ ಇಲ್ಲದ್ದನ್ನು ಬಣ್ಣ ನೋಡಿ ಕೊಂಡರೆ ಅದು ಫೋಟೋಗೆ ಮಾತ್ರ.

ಈಗ ದೂರು. ಕಡ್ಡಿಗೆಂದು ಬಿಟ್ಟ ಕಚ್ಚಿನಿಂದಲೇ ಗಾಳಿ ಸೀಳಿಕೊಂಡು ಬರುತ್ತದೆ, ನೇರ ಕಣ್ಣಿನ ಮೂಲೆಗೆ. ಸಿಗ್ನಲ್‌ನಲ್ಲಿ ನಿಂತರೆ ಒಳಗಿನ ಕನ್ನಡಕ ಮಬ್ಬಾಗುತ್ತದೆ. ಒರೆಸಬೇಕೆಂದರೆ ಕೈಗವಸು ಬಿಚ್ಚಿ, ಗಾಗಲ್ಸ್ ಎತ್ತಿ, ಕನ್ನಡಕ ತೆಗೆದು... ಅಷ್ಟರಲ್ಲಿ ಹಿಂದಿನವರು ಹಾರ್ನ್ ಹೊಡೆಯುತ್ತಾರೆ. ಫ್ರೇಮಿನ ದಪ್ಪ ಅಂಚು ಪಕ್ಕದ ನೋಟವನ್ನು ತಿನ್ನುತ್ತದೆ, ಕನ್ನಡಿ ನೋಡಲೂ ತಲೆ ತಿರುಗಿಸಬೇಕು. ಕೊನೆಗೆ ಬೆವರು, ಸನ್‌ಸ್ಕ್ರೀನ್ ಎರಡೂ ಸೇರಿ ಸ್ಪಂಜು ಅಂಟು ಬಿಟ್ಟು ಪುಡಿ ಉದುರಿಸಲು ಶುರು ಮಾಡಿತು. ಕಪ್ಪು ಪುಡಿ, ರೆಪ್ಪೆಯ ಮೇಲೆ.

ಜೊತೆಗೆ ಮೂರು ಲೆನ್ಸ್ ಕೊಟ್ಟಿದ್ದಾರೆ: ಪ್ಲೇನ್, ಕಪ್ಪು, ಹಳದಿ. ಹಳದಿಯ ಕವರಿನ ಮೇಲೆ ರಾತ್ರಿ ಸವಾರಿಗೆ ಎಂದು ಬರೆದಿದೆ. ಇದನ್ನು ನೋಡಿದರೆ ನನಗೆ ಮೈ ಉರಿಯುತ್ತದೆ. ಹಳದಿ ಲೆನ್ಸ್ ಬೆಳಕನ್ನು ಕಮ್ಮಿ ಮಾಡುತ್ತದೆಯೇ ಹೊರತು ಜಾಸ್ತಿ ಮಾಡುವುದಿಲ್ಲ. ಕಣ್ಣಿಗೆ ಕಟುವಾಗಿ ಕಾಣುವ ನೀಲಿಯನ್ನು ತೆಗೆಯುವುದರಿಂದ ಏನೋ ಸ್ಪಷ್ಟ ಆದಂತೆ ಅನಿಸುತ್ತದೆ, ಅಷ್ಟೇ. 2019ರಲ್ಲಿ ಜಾಮಾ ಆಫ್ತಾಲ್ಮಾಲಜಿ ಪತ್ರಿಕೆಯಲ್ಲಿ ಒಂದು ಅಧ್ಯಯನ ಬಂತು. ಡ್ರೈವಿಂಗ್ ಸಿಮ್ಯುಲೇಟರಿನಲ್ಲಿ ಜನರನ್ನು ಕೂರಿಸಿ, ಎದುರಿನ ಹೆಡ್‌ಲೈಟ್ ಕಣ್ಣಿಗೆ ಹೊಡೆಯುವಾಗ ರಸ್ತೆಯಲ್ಲಿರುವ ಪಾದಚಾರಿ ಕಾಣುತ್ತಾನಾ ಎಂದು ನೋಡಿದರು. ಹಳದಿ ಕನ್ನಡಕದಿಂದ ಏನೂ ಅನುಕೂಲ ಆಗಲಿಲ್ಲ. ಆ ಲೆನ್ಸ್ ನನ್ನ ಡ್ರಾಯರಿನಲ್ಲಿ ಬಿದ್ದಿದೆ.

ಮುಖದ ಮಾತು ಬೇರೆ. ಗಾಗಲ್ಸ್ ಎಷ್ಟೇ ಒಳ್ಳೆಯದಿದ್ದರೂ ಅದು ಕಾಯುವುದು ಕಣ್ಣನ್ನು. ಮೂಗಿನ ಕೆಳಗಿನದ್ದೆಲ್ಲ ಬಯಲು. ಜರ್ಮನಿಯ ಹ್ಯಾನೋವರಿನಲ್ಲಿ ಡೀಟ್ಮಾರ್ ಒಟ್ಟೆ ಎಂಬ ಸಂಶೋಧಕರು ಅಪಘಾತದಲ್ಲಿ ಹೆಲ್ಮೆಟ್ಟಿಗೆ ಎಲ್ಲೆಲ್ಲಿ ಪೆಟ್ಟು ಬಿದ್ದಿದೆ ಎಂದು ಗುರುತಿಸಿದ್ದರು. ಮೂರನೇ ಒಂದಕ್ಕಿಂತ ಸ್ವಲ್ಪ ಜಾಸ್ತಿ ಪೆಟ್ಟು ಗದ್ದದ ಭಾಗಕ್ಕೇ ಬಿದ್ದಿತ್ತು. ಈ ಲೆಕ್ಕ ಗೊತ್ತಾದ ಮೇಲೆ ತೆರೆದ ಹೆಲ್ಮೆಟ್ ಹಾಕಿಕೊಂಡು ನೆಮ್ಮದಿಯಾಗಿ ಓಡಿಸುವುದು ನನ್ನಿಂದ ಆಗಲಿಲ್ಲ. ನಡುವೆ ತೆರೆದ ಹೆಲ್ಮೆಟ್ಟಿಗೇ ಮೂರು ಗುಂಡಿ ಒತ್ತಿ ಹಾಕುವ ಉಬ್ಬು ಶೀಲ್ಡನ್ನೂ ನೋಡಿದೆ. ಚೆಂದ ಇದೆ. ಸ್ವಲ್ಪ ವೇಗ ಹೆಚ್ಚಾದರೆ ಗಾಳಿ ಕೆಳಗಿನಿಂದ ಹೊಕ್ಕು ತಲೆಯನ್ನೇ ಮೇಲಕ್ಕೆ ಎಳೆಯುತ್ತದೆ. ಅದರ ಬಗ್ಗೆ ಇಷ್ಟು ಸಾಕು.

ಮಾಡ್ಯುಲರ್ ಹೆಲ್ಮೆಟ್ ತೆಗೆದುಕೊಂಡಿದ್ದಕ್ಕೆ ಕಾರಣ ಕನ್ನಡಕವೇ. ಗದ್ದದ ಭಾಗ ಎತ್ತಿದರೆ ಕನ್ನಡಕ ತೆಗೆಯದೆ ಹೆಲ್ಮೆಟ್ ಹಾಕಬಹುದು, ತೆಗೆಯಬಹುದು. ಆದರೆ ಎಲ್ಲ ಮಾಡ್ಯುಲರೂ ಒಂದೇ ಅಲ್ಲ. ಗದ್ದದ ಪಟ್ಟಿಗೆ ಹೊಲಿದಿರುವ ಇಸಿಇ (ಯುರೋಪಿನ ಹೆಲ್ಮೆಟ್ ಮಾನದಂಡ) ಲೇಬಲ್ ನೋಡಿ. ಪಿ ಅಕ್ಷರ ಇದ್ದರೆ ಗದ್ದದ ಭಾಗ ಪರೀಕ್ಷೆ ಪಾಸಾಗಿದೆ, ನಿಜವಾಗಿ ಕಾಯುತ್ತದೆ. ಜೆ ಅಂದರೆ ಗದ್ದಕ್ಕೆ ರಕ್ಷಣೆ ಇಲ್ಲದ ತೆರೆದ ಹೆಲ್ಮೆಟ್. ಎನ್‌ಪಿ ಇದ್ದರೆ ಗದ್ದದ ಭಾಗ ಇದೆ, ಆದರೆ ಅದನ್ನು ನಂಬಬೇಡಿ ಎಂದು ಅವರೇ ಹೇಳುತ್ತಿದ್ದಾರೆ. ಪಿ, ಜೆ ಎರಡೂ ಇದ್ದರೆ ಮುಚ್ಚಿಯೂ ತೆರೆದೂ ಓಡಿಸಲು ಒಪ್ಪಿಗೆ ಇದೆ. ನನ್ನದು ಪಿ ಮತ್ತು ಜೆ. ಆದರೂ ಎತ್ತಿಕೊಂಡು ಓಡಿಸುವುದಿಲ್ಲ, ಗಾಳಿಗೆ ಕತ್ತು ನೋಯುತ್ತದೆ.

ವೈಸರ್ ಪಾಲಿಕಾರ್ಬೊನೇಟ್ ಎಂಬ ಗಟ್ಟಿ ಪ್ಲಾಸ್ಟಿಕಿನದ್ದು. ಇಸಿಇ 22.06 ನಿಯಮದಲ್ಲಿ ವೈಸರಿಗೆ ಸೆಕೆಂಡಿಗೆ 60 ಮೀಟರ್ ವೇಗದಲ್ಲಿ ಸಣ್ಣ ಉಕ್ಕಿನ ಗುಂಡು ಹೊಡೆದು ನೋಡುತ್ತಾರೆ. ಗಂಟೆಯ ಲೆಕ್ಕದಲ್ಲಿ 216 ಕಿಲೋಮೀಟರ್. ಹಾಗಾಗಿ ಗಟ್ಟಿತನದ ಬಗ್ಗೆ ನನಗೆ ಚಿಂತೆ ಇಲ್ಲ. ನನಗೆ ಕೆಲಸ ಕೊಟ್ಟಿದ್ದು ಅದರ ಬೆಳಕು.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಯಾವ ಪ್ಲೇನ್ ಲೆನ್ಸ್ ಆದರೂ ಎರಡು ಮುಖ ಇರುತ್ತದೆ. ಕೋಟಿಂಗ್ ಇಲ್ಲದ ಪಾಲಿಕಾರ್ಬೊನೇಟಿನ ಒಂದೊಂದು ಮುಖವೂ ಸುಮಾರು 5% ಬೆಳಕನ್ನು ವಾಪಸ್ ಎಸೆಯುತ್ತದೆ. ಅಂದರೆ ಅತಿ ಸ್ವಚ್ಛ ವೈಸರ್ ಕೂಡ ದಾಟಿಸುವುದು 90%. ಅದಕ್ಕೆ ಇನ್ಸರ್ಟ್ ಸೇರಿಸಿದರೆ ಇನ್ನೆರಡು ಮುಖ, 80% ಚಿಲ್ಲರೆಗೆ ಇಳಿಯುತ್ತದೆ. ಆಮೇಲೆ ಕನ್ನಡಕ. ಮಾಮೂಲಿ ಲೆನ್ಸ್ ಇದ್ದರೆ ಮುಕ್ಕಾಲು ಭಾಗ ಬೆಳಕು ಮಾತ್ರ ಕಣ್ಣಿಗೆ ಮುಟ್ಟುತ್ತದೆ. ಇದು ಎಲ್ಲವೂ ಪ್ಲೇನ್ ಇದ್ದಾಗಿನ ಮಾತು! ಇದರ ಬದಲು ಅರ್ಧ ಬೆಳಕು ಬಿಡುವ ಸ್ಮೋಕ್ ವೈಸರ್ ಹಾಕಿ ರಾತ್ರಿ ಓಡಿಸಿದರೆ ಏನಾಗಬಹುದು, ನೀವೇ ಲೆಕ್ಕ ಹಾಕಿ. 80%ಕ್ಕಿಂತ ಕಮ್ಮಿ ಬೆಳಕು ಬಿಡುವ ವೈಸರುಗಳ ಮೇಲೆ ಹಗಲಿಗೆ ಮಾತ್ರ ಎಂದು ಸುಮ್ನೆ ಬರೆಯುವುದಿಲ್ಲ. ಅಷ್ಟಿದ್ದರೂ ಸ್ಟೈಲಿಗೆ ಕನ್ನಡಿಯಂತೆ ಹೊಳೆಯುವ ಮರ್ಕ್ಯುರಿ ಗ್ಲಾಸ್ ವೈಸರ್ ಹಾಕಿಸಿ, ಸಂಜೆಯಾದ ಮೇಲೆ ಅದನ್ನೆತ್ತಿ ಬರಿಗಣ್ಣಲ್ಲಿ ಓಡಿಸುತ್ತಾರೆ. ಕತ್ತಲಲ್ಲಿ ಹುಳ ಜಾಸ್ತಿ ಇರುವ ಹೊತ್ತಿಗೇ ಸರಿಯಾಗಿ ವೈಸರ್ ಮೇಲೆ.

ಹೊಸದಾಗಿ ಇನ್ಸರ್ಟ್ ಹಾಕಿದ ರಾತ್ರಿ ಎದುರಿನ ಒಂದೊಂದು ಹೆಡ್‌ಲೈಟಿಗೂ ಪಕ್ಕದಲ್ಲಿ ಒಂದು ಮಂಕು ಮರಿ ಕಾಣಿಸಿತು. ವೈಸರ್, ಇನ್ಸರ್ಟ್, ಕನ್ನಡಕದ ಮುಖಗಳ ನಡುವೆ ಬೆಳಕು ಪುಟಿದಾಡುವುದರಿಂದ ಹೀಗಾಗುತ್ತದೆ. ನನ್ನ ಹಳೆಯ ಕನ್ನಡಕಕ್ಕೆ ಆಂಟಿ ರಿಫ್ಲೆಕ್ಷನ್ ಕೋಟಿಂಗ್ (ಬೆಳಕು ವಾಪಸ್ ಪುಟಿಯುವುದನ್ನು ಕಮ್ಮಿ ಮಾಡುವ ಲೇಪ) ಇರಲಿಲ್ಲ. ಕೋಟಿಂಗ್ ಇರುವ ಲೆನ್ಸ್ ಹಾಕಿಕೊಂಡ ಮೇಲೆ ಮರಿಗಳು ಪೂರ್ತಿ ಹೋಗಲಿಲ್ಲ, ಆದರೆ ಬಹಳ ಮಸುಕಾದವು. ಕನ್ನಡಕ ಹಾಕುವ ಸವಾರರಿಗೆ ನಾನು ಮೊದಲು ಹೇಳುವುದು ಇದನ್ನೇ. ದುಬಾರಿ ವೈಸರ್ ಆಮೇಲೆ, ಕನ್ನಡಕದ ಕೋಟಿಂಗ್ ಮೊದಲು.

ಇನ್ಸರ್ಟಿನ ಕೆಲಸ ಮಾತ್ರ ಅಚ್ಚುಕಟ್ಟು. ವೈಸರಿನ ಒಳಗೆ ಎರಡು ಪುಟ್ಟ ಪಿನ್, ಅವುಗಳ ನಡುವೆ ತೆಳು ಲೆನ್ಸನ್ನು ಬಗ್ಗಿಸಿ ಕೂರಿಸಬೇಕು. ಸುತ್ತ ಸಿಲಿಕೋನ್ ಅಂಚು ವೈಸರಿಗೆ ಒತ್ತಿಕೊಳ್ಳುತ್ತದೆ, ನಡುವೆ ಗಾಳಿಯ ಪದರ ಉಳಿಯುತ್ತದೆ. ಹೊರಗಿನ ಚಳಿ ಒಳಗಿನ ಲೆನ್ಸಿಗೆ ಮುಟ್ಟುವುದಿಲ್ಲ, ಮುಟ್ಟಿದ ತೇವವನ್ನೂ ಅದು ಹೀರುತ್ತದೆ. ಈ ಪದ್ಧತಿಯಲ್ಲಿ ಪಿನ್‌ಲಾಕ್ ಎಂಬ ಹೆಸರೇ ಹೆಚ್ಚು ಪ್ರಸಿದ್ಧ. ಅದರಲ್ಲಿ 30, 70, 120 ಎಂದು ದರ್ಜೆ ಇದೆ, ಸಂಖ್ಯೆ ದೊಡ್ಡದಾದಷ್ಟೂ ಮಂಜು ತಡೆಯುವ ಶಕ್ತಿ ಜಾಸ್ತಿ. ಸಿಲಿಕೋನ್ ಅಂಚು ಎಲ್ಲ ಕಡೆ ತಾಗಿರಬೇಕು, ಒಂದು ಕಡೆ ಬಿಟ್ಟರೂ ಎರಡರ ನಡುವೆಯೇ ಆವಿ ಹಿಡಿದುಕೊಳ್ಳುತ್ತದೆ. ಪಿನ್ನನ್ನು ಬೇಕೆಂದೇ ಸರಿ ನಡುವಿನಲ್ಲಿಡದೆ ಸ್ವಲ್ಪ ಸೊಟ್ಟ ಮಾಡಿರುತ್ತಾರೆ. ಅದನ್ನು ತಿರುಗಿಸಿದರೆ ಇನ್ಸರ್ಟ್ ಬಿಗಿಯಾಗುತ್ತದೆ, ಬಿಸಾಡುವ ಮುಂಚೆ ಅಷ್ಟು ಮಾಡಿ ನೋಡಿ.

ಒಂದು ಸಂಗತಿಯನ್ನು ಮಾತ್ರ ಯಾವ ಡಬ್ಬದ ಮೇಲೂ ನಾನು ನೋಡಿಲ್ಲ. ಇನ್ಸರ್ಟ್ ಕಾಯುವುದು ವೈಸರನ್ನು. ಕನ್ನಡಕ ತನ್ನ ಪಾಡಿಗೆ ತಾನು ಮಬ್ಬಾಗುತ್ತದೆ. ಮೂಗಿನ ಮೇಲೆ ಕೂತು ಉಸಿರನ್ನು ಕೆಳಕ್ಕೆ ತಿರುಗಿಸುವ ಬ್ರೆತ್ ಗಾರ್ಡ್ ಹಾಕಿ, ಗದ್ದದ ವೆಂಟ್ ತೆಗೆದಿಟ್ಟು, ನಿಂತಾಗ ವೈಸರನ್ನು ಒಂದು ಹಲ್ಲು ಮೇಲಕ್ಕೆ ಎತ್ತಿದರೆ ಬೇಗ ತಿಳಿಯಾಗುತ್ತದೆ. ಫ್ರೇಮಿನ ಕಡ್ಡಿ ತೆಳ್ಳಗೆ, ನೇರ ಇರಲಿ. ದಪ್ಪ ಪ್ಲಾಸ್ಟಿಕ್ ಕಡ್ಡಿ ಅರ್ಧ ಗಂಟೆಯಲ್ಲಿ ಕಪಾಲ ನೋಯಿಸುತ್ತದೆ.

ಬಿಸಿಲಿಗೆ ಬಣ್ಣ ಬದಲಾಯಿಸುವ ಲೆನ್ಸ್ ಹಾಕಿಸಿದರೆ ಹಗಲು ರಾತ್ರಿ ಎರಡಕ್ಕೂ ಆಯಿತು ಅಂದುಕೊಳ್ಳುತ್ತಾರೆ. ನಾನು ಒಂದು ಫೋಟೋಕ್ರೋಮಿಕ್ ಲೆನ್ಸನ್ನು ಬಿಸಿಲಲ್ಲಿಟ್ಟು, ಅದರ ಅರ್ಧಕ್ಕೆ ನನ್ನ ವೈಸರ್ ಅಡ್ಡ ಇಟ್ಟೆ. ಸ್ವಲ್ಪ ಹೊತ್ತಿಗೆ ತೆರೆದ ಅರ್ಧ ಗಾಢ ಬೂದು ಆಯಿತು. ವೈಸರಿನ ಕೆಳಗಿನ ಅರ್ಧ ಹೆಚ್ಚುಕಮ್ಮಿ ಹಾಗೇ ಇತ್ತು, ನಡುವೆ ಗೆರೆ ಎಳೆದಂತೆ. ಆ ಲೆನ್ಸ್ ಕಪ್ಪಾಗುವುದು ಅಲ್ಟ್ರಾವಯಲೆಟ್ ಕಿರಣದಿಂದ, ಪಾಲಿಕಾರ್ಬೊನೇಟ್ ಅದನ್ನು ಒಳಗೇ ಬಿಡುವುದಿಲ್ಲ. ಕಣ್ಣಿಗೆ ಇದು ಒಳ್ಳೆಯದೇ, ಅಲ್ವಾ? ಆದರೆ ಹೆಲ್ಮೆಟ್ ಒಳಗೆ ಆ ಕನ್ನಡಕಕ್ಕೆ ಕೊಟ್ಟ ದುಡ್ಡು ದಂಡ. ಬಣ್ಣ ಬದಲಾಯಿಸುವ ಗುಣ ಬೇಕಿದ್ದರೆ ವೈಸರಿನಲ್ಲೇ ಇರುವುದನ್ನು ಕೊಳ್ಳಬೇಕು. ನನಗೆ ಹೆಲ್ಮೆಟ್ಟಿನ ಒಳಗಿರುವ ಸಣ್ಣ ಸನ್ ವೈಸರೇ ಸಾಕಾಗಿದೆ. ಸುರಂಗ ಬಂತಾ, ಒಂದು ಗುಂಡಿ ಜಾರಿಸಿದರೆ ಮೇಲೆ ಹೋಗುತ್ತದೆ. ರಸ್ತೆ, ನೀರಿನಿಂದ ಪುಟಿಯುವ ಝಳ ಕಮ್ಮಿ ಮಾಡುವ ಪೋಲರೈಸ್ಡ್ ಕನ್ನಡಕವೂ ವೈಸರ್ ಹಿಂದೆ ಬೇಡ. ವೈಸರಿನ ಮೇಲೆ ಕಾಮನಬಿಲ್ಲಿನ ಪಟ್ಟೆ ಕಾಣುತ್ತದೆ, ಕೆಲವು ಬೈಕಿನ ಡಿಜಿಟಲ್ ಮೀಟರ್ ಕಪ್ಪಾಗಿಬಿಡುತ್ತದೆ.

ತೊಳೆಯುವುದು ಸುಲಭ. ಒದ್ದೆ ಬಟ್ಟೆ ಹೊದಿಸಿ ಸ್ವಲ್ಪ ಹೊತ್ತು ಬಿಟ್ಟರೆ ಒಣಗಿದ ಹುಳವೆಲ್ಲ ನೆನೆದು ತಾನೇ ಬಿಡುತ್ತದೆ. ಆಮೇಲೆ ನೀರು, ಸೌಮ್ಯ ಸೋಪು, ಮೈಕ್ರೋಫೈಬರ್ ಬಟ್ಟೆ. ಒಣ ಬಟ್ಟೆಯಲ್ಲಿ ಧೂಳು ಉಜ್ಜಬೇಡಿ. ಲೆನ್ಸಿನ ಮೇಲೆ ನಾವು ಹಾಕಿಕೊಂಡ ಇಂಕಿನ ಗುರುತನ್ನು ಅಸಿಟೋನಿನಲ್ಲಿ ಒರೆಸುತ್ತೇವೆ, ಆದರೆ ಪಾಲಿಕಾರ್ಬೊನೇಟ್ ಲೆನ್ಸ್ ಬಂದರೆ ಆ ಬಾಟಲಿಯನ್ನೇ ದೂರ ಇಡುತ್ತೇವೆ. ಕೋಟಿಂಗ್ ಇಲ್ಲದ ಅಂಚಿಗೆ ತಾಗಿದರೆ ಅಲ್ಲಿಂದ ಸಣ್ಣ ಸಣ್ಣ ಬಿರುಕು ಏಳುತ್ತದೆ. ಪೆಟ್ರೋಲ್, ಅಮೋನಿಯಾ ಇರುವ ಗ್ಲಾಸ್ ಕ್ಲೀನರ್ ಕೂಡ ಅದೇ ಜಾತಿ. ಇನ್ಸರ್ಟ್ ಇನ್ನೂ ಮೆದು, ಅದನ್ನು ನೀರಲ್ಲಿ ಅದ್ದಿ ಗಾಳಿಗೆ ಒಣಗಲು ಬಿಟ್ಟರೆ ಸಾಕು.

ಅಂತೂ ಗಾಗಲ್ಸ್ ಮಣ್ಣುರಸ್ತೆಗೆ ಉಳಿದಿದೆ, ದಿನದ ಓಡಾಟಕ್ಕೆ ಪ್ಲೇನ್ ವೈಸರ್. ಗಾಗಲ್ಸಿಗೆ ಐದಕ್ಕೆ ಮೂರು. ಹಳದಿ ಲೆನ್ಸ್ ಇರದಿದ್ದರೆ ಮೂರೂವರೆ ಕೊಡುತ್ತಿದ್ದೆ. ವೈಸರ್, ಇನ್ಸರ್ಟ್ ಜೋಡಿಗೆ ನಾಲ್ಕೂವರೆ, ಉಳಿದ ಅರ್ಧ ಆ ಮಂಕು ಮರಿಗಳಿಗೆ ಹೋಯಿತು. ಹೆಲ್ಮೆಟ್ ಕೊಳ್ಳುವ ದಿನವೇ ಆ ಮಾಡೆಲ್ಲಿಗೆ ಬಿಡಿ ವೈಸರ್ ಸಿಗುತ್ತದಾ ಎಂದು ಕೇಳಿ. ವೈಸರಿನ ಅಂಚಿನಲ್ಲಿ ಸಣ್ಣಕ್ಷರದಲ್ಲಿ ಒಂದು ನಂಬರ್ ಅಚ್ಚಾಗಿರುತ್ತದೆ, ಫೋಟೋ ತೆಗೆದಿಟ್ಟುಕೊಳ್ಳಿ. ಗೀರು ಬಿದ್ದಮೇಲೆ ಹುಡುಕಬೇಕಾದದ್ದು ಅದೇ ನಂಬರನ್ನು.