ಎಂಟಿ200 ಬ್ರೇಕ್ ಮಲೆನಾಡಿನ ಮಳೆಯಲ್ಲಿ: ಕಿರುಚಾಟ ಬೇರೆ, ನಡುಕ ಬೇರೆ

ಸೈಕಲ್ಲಿಗೆ ಬರುವ ಶಿಮಾನೊ ಕಂಪನಿಯ ಎಂಟಿ200 ಹೈಡ್ರಾಲಿಕ್ (ಎಣ್ಣೆಯ ಒತ್ತಡದಲ್ಲಿ ಕೆಲಸ ಮಾಡುವ) ಡಿಸ್ಕ್ ಬ್ರೇಕಿನ ಸ್ಪೆಸಿಫಿಕೇಶನ್ ನೀವೆಲ್ಲ ನೋಡಿಯೇ ಇರುತ್ತೀರಿ, ಅದನ್ನು ಮತ್ತೆ ಇಲ್ಲಿ ಬರೆಯುವುದಿಲ್ಲ. ನಾನು ಬರೆಯಲು ಕೂತಿರುವುದು ಸದ್ದಿನ ಬಗ್ಗೆ. ನಡು ಮಳೆಗಾಲದಲ್ಲಿ ಹಿಂದಿನ ಬ್ರೇಕ್ ಕಿರುಚಲು ಶುರುವಾಯಿತು. ಅದರ ಬೆನ್ನಿಗೇ ಮುಂದಿನ ಬ್ರೇಕ್ ಹಿಡಿದಾಗಲೆಲ್ಲ ಹ್ಯಾಂಡಲ್ ಗಡಗಡ ನಡುಗತೊಡಗಿತು. ಇದನ್ನು ಕಿತ್ತು ಹಾಕಿ ಹಳೆಯ ಕೇಬಲ್ ಡಿಸ್ಕ್ ಬ್ರೇಕನ್ನೇ ವಾಪಸ್ ಹಾಕಿಸಿಬಿಡೋಣ ಅನ್ನುವಷ್ಟು ಬೇಸರ ಬಂದಿತ್ತು. ಹೊಸದಾಗಿ ಡಿಸ್ಕ್ ಬ್ರೇಕಿನ ಎಂಟಿಬಿ (ಮೌಂಟನ್ ಬೈಕ್ ಸೈಕಲ್) ತೆಗೆದುಕೊಂಡವರು ಇದೇ ಬೇಸರಕ್ಕೆ ಬಿದ್ದು ಒಳ್ಳೆಯ ಬ್ರೇಕನ್ನು ಕಳೆದುಕೊಳ್ಳಬಾರದು ಎಂದು ಇಷ್ಟು ಉದ್ದ ಬರೆಯುತ್ತಿದ್ದೇನೆ.

ನನ್ನದು ತೀರ್ಥಹಳ್ಳಿ ಕಡೆ. ಹಾರ್ಡ್‌ಟೇಲ್ ಸೈಕಲ್ (ಮುಂದೆ ಮಾತ್ರ ಶಾಕ್ ಇರುವುದು), ಎರಡೂ ಕಡೆ 160 ಮಿ.ಮೀ. ರೋಟರ್ (ಚಕ್ರದ ಜೊತೆ ತಿರುಗುವ ಲೋಹದ ತಟ್ಟೆ), ಅದನ್ನು ಒತ್ತಿ ಹಿಡಿಯುವ ಪ್ಯಾಡ್ ರೆಸಿನ್ (ರಾಳದಲ್ಲಿ ಕಟ್ಟಿದ ಮೆದು ಬಗೆ). ನನ್ನ ತೂಕ ಎಂಬತ್ತು ಕೆ.ಜಿ. ದಾಟಿದೆ, ಬೆನ್ನಿಗೆ ಯಾವಾಗಲೂ ಒಂದು ಬ್ಯಾಗ್ ಇರುತ್ತದೆ. ವಾರವಿಡೀ ಶಾಲೆಗೆ ಹೋಗಿಬರುವುದು ತೋಟದ ನಡುವಿನ ಕೆಂಪು ಮಣ್ಣಿನ ದಾರಿಯಲ್ಲಿ. ರಜೆ ಸಿಕ್ಕಿದರೆ ಆಗುಂಬೆ. ಕಾಲಲ್ಲಿ ಶಕ್ತಿ ಉಳಿದಿದ್ದರೆ 14 ಹೇರ್‌ಪಿನ್ ತಿರುವುಗಳ ಘಾಟಿ ಇಳಿದು ಸೋಮೇಶ್ವರದವರೆಗೆ. ವರ್ಷಕ್ಕೆ 7,000 ಮಿ.ಮೀ. ಆಸುಪಾಸು ಮಳೆ ಸುರಿಯುವ ಊರು ಆಗುಂಬೆ. ಬೆಂಗಳೂರಿನ ಒಣ ರಸ್ತೆಯಲ್ಲಿ ಓಡಿಸುವವರ ಅನುಭವ ನನ್ನದಕ್ಕಿಂತ ಬೇರೆಯೇ ಇರಬಹುದು.

ಮಳೆಯಲ್ಲಿ ಡಿಸ್ಕ್ ಬ್ರೇಕ್ ಕೂಗುವುದು ಸಹಜ, ಅದನ್ನು ಕಾಯಿಲೆ ಎಂದುಕೊಳ್ಳಬೇಡಿ. ರೋಟರ್ ಒದ್ದೆಯಿರುವಾಗ ಒಂದೆರಡು ಸಲ ಕೀಂಯ್ ಎಂದು ಆಮೇಲೆ ಸುಮ್ಮನಾದರೆ ಎಲ್ಲವೂ ಸರಿಯಿದೆ. ನನ್ನದು ಒಣಗಿದ ಮೇಲೂ ನಿಲ್ಲಲಿಲ್ಲ. ತೋಟದ ಇಳಿಜಾರಿನಲ್ಲಿ ಬ್ರೇಕ್ ಮುಟ್ಟಿದರೆ ಆಚೆ ಮನೆಯವರು ಹೊರಗೆ ಬಂದು ನೋಡುತ್ತಿದ್ದರು. ಸದ್ದಿಗಿಂತ ಹೆಚ್ಚು ಹೆದರಿಸಿದ್ದು ಬ್ರೇಕಿನ ಹಿಡಿತ ಕಡಿಮೆಯಾಗಿದ್ದು. ಮೊದಲು ಒಂದೇ ಬೆರಳಿಗೆ ನಿಲ್ಲುತ್ತಿದ್ದ ಚಕ್ರಕ್ಕೆ ಈಗ ಬ್ರೇಕ್ ಲಿವರನ್ನು ಎಲ್ಲ ಬೆರಳು ಹಾಕಿ ಗಟ್ಟಿಯಾಗಿ ಒತ್ತಬೇಕಾಗಿತ್ತು. ಕಿರುಚಾಟವೂ ಹಿಡಿತದ ಇಳಿತವೂ ಒಟ್ಟಿಗೆ ಬಂದರೆ ಮೊದಲ ಅನುಮಾನ ಎಣ್ಣೆಯ ಮೇಲೆ ಇರಲಿ.

ನನ್ನ ವಿಷಯದಲ್ಲಿ ಆದದ್ದೂ ಅದೇ. ನನ್ನ ತಮ್ಮ ಜೀಪನ್ನು ವಾಟರ್ ಸರ್ವಿಸ್‌ಗೆ ಒಯ್ಯುವಾಗ ಹಿಂದೆ ನನ್ನ ಸೈಕಲನ್ನೂ ಹಾಕಿಕೊಂಡು ಹೋಗಿದ್ದ. ನಮ್ಮ ಕಡೆ ಗಾಡಿ ತೊಳೆದಾದ ಮೇಲೆ ತುಕ್ಕು ಹಿಡಿಯದಿರಲಿ ಎಂದು ಅಡಿಭಾಗಕ್ಕೆಲ್ಲ ಡೀಸೆಲ್ ಸ್ಪ್ರೇ ಮಾಡುವ ರೂಢಿ ಇದೆ. ಅಲ್ಲಿನ ಹುಡುಗ ಜೀಪಿಗೆ ಹೊಡೆದು, ಅದೇ ಗನ್ನಿನಲ್ಲಿ ಸೈಕಲ್ಲಿನ ಚೈನಿಗೂ ಹೊಡೆದಿದ್ದಾನೆ. ಚೈನಿನ ಎದುರು ಬದಿಯಲ್ಲೇ ಹಿಂದಿನ ರೋಟರ್ ಇರುವುದು. ಪ್ಯಾಡ್ ಬಿಚ್ಚಿ ಅದರ ಮೈಯನ್ನು ಬಿಳಿ ಹಾಳೆಯ ಮೇಲೆ ಒತ್ತಿ ಹಿಡಿದಾಗ ಹಾಳೆಯಲ್ಲಿ ಎಣ್ಣೆಯ ಕಲೆ ಮೂಡಿತು. ಮೂಗಿನ ಹತ್ತಿರ ತಂದರೆ ಡೀಸೆಲ್ ವಾಸನೆ. ಪ್ಯಾಡಿನ ಮೇಲ್ಮೈ ಕಪ್ಪಗೆ ಮಿರಮಿರ ಹೊಳೆಯುತ್ತಿತ್ತು. ಚೆನ್ನಾಗಿರುವ ರೆಸಿನ್ ಪ್ಯಾಡ್ ಹೊಳೆಯುವುದಿಲ್ಲ, ಮಂಕಾಗಿರುತ್ತದೆ.

ಎಣ್ಣೆಗೂ ಸದ್ದಿಗೂ ಏನು ಸಂಬಂಧ ಅನ್ನಿಸಬಹುದು. ಒದ್ದೆ ಬೆರಳನ್ನು ಸ್ಟೀಲ್ ತಟ್ಟೆಯ ಮೇಲೆ ಒತ್ತಿ ಎಳೆದರೆ ಬೆರಳು ಒಮ್ಮೆ ಹಿಡಿದು ಒಮ್ಮೆ ಜಾರುತ್ತಾ ಕಿರುಗುಡುತ್ತದಲ್ಲ, ಪ್ಯಾಡ್ ರೋಟರಿನ ಮೇಲೆ ಮಾಡುವುದೂ ಅದನ್ನೇ. ಒಂದು ಕಡೆ ಹಿಡಿಯುತ್ತದೆ, ಇನ್ನೊಂದು ಕಡೆ ಜಾರುತ್ತದೆ, ಸೆಕೆಂಡಿಗೆ ನೂರಾರು ಸಲ. ಆ ಅದುರನ್ನು ಫ್ರೇಮಿನ ಟೊಳ್ಳು ಕೊಳವೆಗಳು ದೊಡ್ಡದು ಮಾಡಿ ಕೇಳಿಸುತ್ತವೆ. ಬ್ರೇಕ್ ಒಳ್ಳೆಯ ಕಂಪನಿಯದ್ದಾದರೂ ಸರಿ, ಸಾಧಾರಣದ್ದಾದರೂ ಸರಿ, ಪ್ಯಾಡಿಗೆ ಎಣ್ಣೆ ತಾಗಿದರೆ ಕೂಗಿಯೇ ಕೂಗುತ್ತದೆ.

ಇಲ್ಲಿ ನನಗೆ ನಿಜಕ್ಕೂ ಸಿಟ್ಟು ಬಂದದ್ದು ಬ್ರೇಕಿನ ಮೇಲಲ್ಲ, ರಿಪೇರಿಯ ಮೇಲೆ. ಪೇಟೆಯ ಒಂದು ಸೈಕಲ್ ಅಂಗಡಿಯಲ್ಲಿ ಹೊಸ ಪ್ಯಾಡ್ ಹಾಕಿ ಕೊಟ್ಟರು. ರೋಟರನ್ನು ಒರೆಸಲೂ ಇಲ್ಲ. ವಾರ ಕಳೆಯುವುದರೊಳಗೆ ಅದೇ ಕಿರುಚಾಟ. ಮತ್ತೆ ಹೋದರೆ ಮತ್ತೆ ಪ್ಯಾಡ್ ಬದಲಿಸಿ ಅಂದರು. ರೋಟರಿನಲ್ಲಿ ಉಳಿದ ಎಣ್ಣೆಯನ್ನು ಹೊಸ ಪ್ಯಾಡ್ ಕುಡಿದುಬಿಡುತ್ತದೆ, ಹಾಗಾಗಿ ಎಷ್ಟು ಜೊತೆ ಹಾಕಿದರೂ ದುಡ್ಡು ದಂಡ. ನನ್ನಂಥ ಸಂಬಳದವನಿಗೆ ಪ್ಯಾಡಿನ ಖರ್ಚು ಸಣ್ಣದಲ್ಲ. ಆಮೇಲಿಂದ ಈ ಕೆಲಸವನ್ನು ನಾನೇ ಮಾಡಿಕೊಳ್ಳುತ್ತಿದ್ದೇನೆ.

ಭಾನುವಾರ ಬೆಳಿಗ್ಗೆ ಕಾಫಿ ಮುಗಿಸಿ ಜಗಲಿಯಲ್ಲಿ ಹಳೆಯ ಪೇಪರ್ ಹಾಸಿಕೊಂಡು ಕೂರುತ್ತೇನೆ. ಚಕ್ರ ಬಿಚ್ಚುವುದು, ಕ್ಯಾಲಿಪರಿನ (ಪ್ಯಾಡ್ ಕೂರುವ ಹಿಡಿ) ಪಿನ್ನಿನ ಮಡಚಿದ ತುದಿಯನ್ನು ನೇರ ಮಾಡಿ ಎಳೆಯುವುದು, ಎರಡು ಪ್ಯಾಡೂ ನಡುವಿನ ಸ್ಪ್ರಿಂಗೂ ಒಟ್ಟಿಗೆ ಕೈಗೆ ಬರುತ್ತವೆ. ಚಕ್ರ ಇಲ್ಲದಿರುವಾಗ ಲಿವರ್ ಒತ್ತಬೇಡಿ, ಮನೆಯಲ್ಲಿ ಮಕ್ಕಳಿದ್ದರೆ ಅವರನ್ನೂ ಒತ್ತಲು ಬಿಡಬೇಡಿ. ಪ್ಯಾಡನ್ನು ತಳ್ಳುವ ಪಿಸ್ಟನ್ ಮುಂದೆ ಬಂದುಬಿಡುತ್ತದೆ. ರೋಟರನ್ನು ಮೊದಲು ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ ಬಿಸಿ ನೀರಲ್ಲಿ ಉಜ್ಜುತ್ತೇನೆ, ಒಣಗಿದ ಮೇಲೆ ಐಸೋಪ್ರೊಪೈಲ್ ಆಲ್ಕೋಹಾಲಿನಿಂದ ಒರೆಸುತ್ತೇನೆ. ಇದು ಮೊಬೈಲ್ ರಿಪೇರಿ ಮಾಡುವವರ ಹತ್ತಿರ ಸಿಗುತ್ತದೆ, ನಮ್ಮ ಪೇಟೆಯಲ್ಲೂ ಸಿಕ್ಕಿತು. ಕೊರೋನಾ ಕಾಲದಲ್ಲಿ ತಂದಿಟ್ಟ ಸ್ಯಾನಿಟೈಸರ್ ಬಳಸಬೇಡಿ, ಅದರಲ್ಲಿ ಗ್ಲಿಸರಿನ್ ಇರುತ್ತದೆ. ಒರೆಸುವ ಬಟ್ಟೆ ಬೇರೆ ಯಾವುದಕ್ಕೂ ಬಳಸದ ಬಿಳಿ ಪಂಚೆಯ ತುಂಡು. ಬಟ್ಟೆಯಲ್ಲಿ ಕಪ್ಪು ಬರುವುದು ನಿಲ್ಲುವವರೆಗೆ ಒರೆಸಬೇಕು. ಆಮೇಲೆ ರೋಟರಿನ ಮೈಯನ್ನು ಬೆರಳಿಂದ ಮುಟ್ಟುವುದಿಲ್ಲ, ಅಂಚು ಹಿಡಿದೇ ಎತ್ತುತ್ತೇನೆ. ಚರ್ಮದ ಜಿಡ್ಡೂ ಅದಕ್ಕೆ ಸಾಕು.

ಪ್ಯಾಡ್ ಸುಮ್ಮನೆ ಹೊಳಪಾಗಿದ್ದು ಎಣ್ಣೆ ಕುಡಿದಿಲ್ಲದಿದ್ದರೆ ಬದಲಿಸಬೇಕಾಗಿಲ್ಲ. ಕಡಪ ಕಲ್ಲಿನ ಮೇಲೆ 120 ನಂಬರಿನ ಎಮರಿ ಪೇಪರ್ ಇಟ್ಟು, ನೀರು ಚಿಮುಕಿಸಿ, ಪ್ಯಾಡನ್ನು ಸಮನಾಗಿ ಒತ್ತಿ ಎಂಟರ ಆಕಾರದಲ್ಲಿ ತಿರುವುತ್ತೇನೆ. ಒದ್ದೆ ಮಾಡುವುದು ಧೂಳು ಮೂಗಿಗೆ ಹೋಗದಿರಲಿ ಎಂದು. ಹೊಳಪು ಹೋಗಿ ಮಂಕು ಬಣ್ಣ ಇಡೀ ಮೈಗೆ ಬಂದರೆ ಸಾಕು, ಇನ್ನೂ ಉಜ್ಜಿದರೆ ಆಯುಷ್ಯ ಕಡಿಮೆಯಾಗುತ್ತದೆ. ಎಣ್ಣೆ ಒಳಗೆ ಇಳಿದ ಪ್ಯಾಡಾದರೆ ಉಜ್ಜಿದರೂ ಕೆಲವೇ ದಿನಕ್ಕೆ ಮತ್ತೆ ಕೂಗುತ್ತದೆ. ಅದನ್ನು ಎಸೆದು ಹೊಸದು ಹಾಕುವುದೇ ದಾರಿ.

ಪ್ಯಾಡ್ ಹಾಕಿದ ಮೇಲೆ ಕ್ಯಾಲಿಪರ್ ಮಧ್ಯಕ್ಕೆ ತರುವ ಕೆಲಸ ನನಗೆ ತುಂಬ ಇಷ್ಟ. ಕ್ಯಾಲಿಪರಿನ ಎರಡು ಬೋಲ್ಟ್ ಸ್ವಲ್ಪ ಸಡಿಲಿಸಿ, ಲಿವರ್ ಗಟ್ಟಿಯಾಗಿ ಹಿಡಿದು, ಒಂದಾದ ಮೇಲೊಂದು ಸ್ವಲ್ಪ ಸ್ವಲ್ಪವೇ ಟೈಟ್ ಮಾಡುವುದು. ಕೆಳಗೆ ನೆಲದ ಮೇಲೆ ಬಿಳಿ ಹಾಳೆ ಇಟ್ಟು ಮೇಲಿನಿಂದ ಕ್ಯಾಲಿಪರಿನ ಸಂದಿಯಲ್ಲಿ ನೋಡಿದರೆ ರೋಟರಿನ ಎರಡೂ ಬದಿಗೆ ಎರಡು ಬೆಳ್ಳನೆಯ ಗೆರೆ ಕಾಣುತ್ತವೆ. ಎರಡೂ ಒಂದೇ ದಪ್ಪಕ್ಕೆ ಬಂದಾಗ ಚಕ್ರ ತಿರುಗಿಸಿದರೆ ಚೂರೂ ಉಜ್ಜುವುದಿಲ್ಲ.

ಹೊಸ ಪ್ಯಾಡನ್ನು ಪಳಗಿಸದೆ ಘಾಟಿಗೆ ಒಯ್ಯಬೇಡಿ. ಸಮತಟ್ಟಾದ ರಸ್ತೆಯಲ್ಲಿ ಸಾಧಾರಣ ವೇಗದಿಂದ ನಡಿಗೆಯ ವೇಗಕ್ಕೆ ಇಳಿಸಿ ಬಿಡುವುದು, ಸುಮಾರು 20 ಸಲ. ಆಮೇಲೆ ಜೋರು ವೇಗದಿಂದ ಹತ್ತು ಸಲ. ಚಕ್ರ ಪೂರ್ತಿ ಕಚ್ಚಿಕೊಂಡು ನಿಲ್ಲಬಾರದು. ಪ್ಯಾಡಿನ ತೆಳು ಪದರ ರೋಟರಿಗೆ ಎಲ್ಲ ಕಡೆ ಒಂದೇ ಸಮ ಅಂಟಬೇಕು. ಚಕ್ರ ಕಚ್ಚಿಕೊಂಡರೆ ಒಂದು ಕಡೆ ಮಾತ್ರ ಹೆಚ್ಚು ಅಂಟಿ ಅದೇ ಜಾಗದಲ್ಲಿ ಮತ್ತೆ ತಡವರಿಸುತ್ತದೆ.

ಇಷ್ಟಾದ ಮೇಲೆ ಕಿರುಚಾಟ ಹೋಯಿತು. ಮುಂದಿನ ನಡುಕ ಮಾತ್ರ ಹಾಗೇ ಉಳಿಯಿತು.

ಎರಡನ್ನೂ ಒಂದೇ ಕಾಯಿಲೆ ಎಂದು ಎಲ್ಲರೂ ಹೇಳುತ್ತಿದ್ದರು. ನನ್ನ ಅನುಭವದಲ್ಲಿ ಅಲ್ಲ. ನಡುಕ ಬಂದರೆ ಮೊದಲು ಒಂದು ಗಮನಿಸಿ: ವೇಗ ಇಳಿದಂತೆ ನಡುಕವೂ ನಿಧಾನವಾಗುತ್ತದೆಯೇ, ಚಕ್ರದ ಒಂದು ಸುತ್ತಿಗೆ ಒಂದು ಸಲ ಲಿವರಿನಲ್ಲಿ ತಟ್ಟುತ್ತದೆಯೇ? ಹಾಗಿದ್ದರೆ ರೋಟರ್ ಬೆಂಡ್ ಆಗಿದೆ, ಅಥವಾ ಒಂದೊಂದು ಕಡೆ ಒಂದೊಂದು ದಪ್ಪ ಸವೆದಿದೆ. ಹೊಸ ರೋಟರ್ 1.8 ಮಿ.ಮೀ. ಇರುತ್ತದೆ, 1.5ಕ್ಕೆ ಬಂದರೆ ಬದಲಿಸಬೇಕು. ವೇಗ ಎಷ್ಟಿದ್ದರೂ ನಡುಕ ಒಂದೇ ಲಯದಲ್ಲಿದ್ದರೆ ಎಲ್ಲೋ ಏನೋ ಸಡಿಲವಾಗಿದೆ. ನನ್ನದು ಎರಡನೆಯ ಬಗೆ.

ಮೊದಲು ರೋಟರಿನ ಆರು ಬೋಲ್ಟ್ ನೋಡಿದೆ, ಟಿ25 ಟಾರ್ಕ್ಸ್ ಕೀಯಲ್ಲಿ. ಕೆಲವು ಸಡಿಲವಿದ್ದವು. ಇವಕ್ಕೆ 2ರಿಂದ 4 ನ್ಯೂಟನ್ ಮೀಟರ್ ಬಿಗಿತ ಸಾಕು, ಕ್ಯಾಲಿಪರ್ ಬೋಲ್ಟಿಗೆ 6ರಿಂದ 8. ಎದುರುಬದುರು ಬೋಲ್ಟುಗಳನ್ನು ಸರದಿಯಲ್ಲಿ ಬಿಗಿದೆ. ನಡುಕ ಕಡಿಮೆಯಾಯಿತು, ಪೂರ್ತಿ ಹೋಗಲಿಲ್ಲ. ಮುಂದಿನ ಬ್ರೇಕ್ ಹಿಡಿದು ಸೈಕಲನ್ನು ಹಿಂದೆ ಮುಂದೆ ತಳ್ಳಿ ನೋಡಿದೆ, ಹೆಡ್‌ಸೆಟ್ಟಿನ (ಹ್ಯಾಂಡಲ್ ತಿರುಗುವ ಬೇರಿಂಗ್) ಸಂದಿಗೆ ಬೆರಳಿಟ್ಟು. ಅಲ್ಲಿ ಅಲುಗಾಟ ಇರಲಿಲ್ಲ. ಆದರೂ ಎಲ್ಲೋ ಟಕ್ ಎನ್ನುತ್ತಿತ್ತು.

ಬಸ್ ಸ್ಟ್ಯಾಂಡಿನ ಹತ್ತಿರ ಹಿರಿಯರೊಬ್ಬರ ಹಳೆಯ ಸೈಕಲ್ ಶಾಪ್ ಇದೆ. ಪಂಕ್ಚರ್, ಬಾಡಿಗೆ ಸೈಕಲ್ ಕಾಲದ್ದು. ಅವರು ಚಕ್ರದ ಮೇಲ್ಭಾಗವನ್ನು ಎರಡು ಬೆರಳಲ್ಲಿ ಹಿಡಿದು ಪಕ್ಕಕ್ಕೆ ಅಲುಗಿಸಿದರು. "ಡಿಸ್ಕಿನ ವಿಚಾರ ನಂಗೆ ಗೊತ್ತಿಲ್ಲ ಮೇಷ್ಟ್ರೇ. ಹಬ್ಬಲ್ಲಿ ಕೋನು ಲೂಸ್ ಆಗಿದೆ, ಆಟ ಆಡ್ತಾ ಇದೆ ನೋಡಿ" ಅಂದರು. ಹಬ್ ಎಂದರೆ ಚಕ್ರದ ನಡುಭಾಗ, ಕೋನ್ ಎಂದರೆ ಅಲ್ಲಿನ ಬೇರಿಂಗ್ ಗುಂಡುಗಳನ್ನು ಒತ್ತಿ ಹಿಡಿಯುವ ನಟ್ಟು. ನನ್ನ ಕೈಯಲ್ಲೂ ಹಿಡಿಸಿದರು. ಕೂದಲೆಳೆಯಷ್ಟು ಅಲುಗಾಟ, ಆದರೆ ಸ್ಪಷ್ಟವಾಗಿ ಸಿಕ್ಕಿತು. ಬ್ರೇಕ್ ಹಿಡಿದಾಗ ರೋಟರ್ ಅಷ್ಟೇ ಜಾಗದಲ್ಲಿ ಅತ್ತಿತ್ತ ಓಡಾಡಿ ಮುಂದಿನ ಚಕ್ರ ಹಿಡಿದಿರುವ ಇಡೀ ಫೋರ್ಕನ್ನು ನಡುಗಿಸುತ್ತಿತ್ತು.

ಕೋನ್ ಬಿಗಿಯುವಾಗ ಅವರು ಬೇಕೆಂದೇ ಚೂರು ಸಡಿಲ ಬಿಟ್ಟರು. ಚಕ್ರವನ್ನು ಬಿಗಿಯುವ ಕ್ವಿಕ್ ರಿಲೀಸ್ ಲಿವರ್ ಮುಚ್ಚಿದಾಗ ಆಕ್ಸಲ್ ಒತ್ತಿಕೊಂಡು ಆ ಸಡಿಲ ತಾನಾಗಿಯೇ ಮುಚ್ಚಿಹೋಗುತ್ತದೆ. ಬಿಚ್ಚಿಟ್ಟ ಚಕ್ರದಲ್ಲೇ ಪೂರ್ತಿ ಬಿಗಿದರೆ ಬೇರಿಂಗ್ ಬೇಗ ಹಾಳು. ಗ್ರೀಸ್ ಹಚ್ಚಿ, ಗುಂಡು ಬದಲಿಸಿ, ಅವರು ಕೇಳಿದ ಹಣಕ್ಕೆ ನಾನು ಇನ್ನಷ್ಟು ಸೇರಿಸಿ ಕೊಡಲು ಹೋದರೆ ತೆಗೆದುಕೊಳ್ಳಲಿಲ್ಲ. ಅವತ್ತಿನಿಂದ ಮುಂದಿನ ಬ್ರೇಕ್ ನಡುಗಿಲ್ಲ.

ಸದ್ದು, ನಡುಕ ಎರಡೂ ಹೋದ ಮೇಲೆಯೇ ಈ ಬ್ರೇಕ್ ಏನು ಎಂದು ನನಗೆ ತಿಳಿದದ್ದು. ಘಾಟಿಯಲ್ಲಿ, ರಸ್ತೆಯ ಮೇಲೆ ನೀರು ಹರಿಯುತ್ತಿರುವಾಗ, ತೋರುಬೆರಳು ಒಂದರಲ್ಲೇ ಎಷ್ಟು ಬೇಕೋ ಅಷ್ಟು ವೇಗ ಇಳಿಸಬಹುದು. ಹಳೆಯ ಕೇಬಲ್ ಬ್ರೇಕಿನಲ್ಲಿ ಕೆಸರು ಸೇರಿ ಕೇಬಲ್ ಬಿಗಿದುಕೊಂಡು, ಸೋಮೇಶ್ವರ ತಲುಪುವಾಗ ಮುಂಗೈ ಕಲ್ಲಾಗುತ್ತಿತ್ತು. ಈಗ ಆ ನೋವಿಲ್ಲ. ಐವತ್ತರ ಹತ್ತಿರ ಬಂದವನಿಗೆ ಇದು ಎಷ್ಟು ದೊಡ್ಡ ಸುಖ ಎಂದು ಹೇಳಲಾರೆ. ಬ್ರೇಕ್ ಎಳೆದುಕೊಂಡೇ ಇಳಿಯಬೇಡಿ, ತಿರುವಿಗೆ ಮುಂಚೆ ಗಟ್ಟಿಯಾಗಿ ಹಿಡಿದು ಬಿಟ್ಟುಬಿಡಿ. ಎಳೆದುಕೊಂಡು ಇಳಿದರೆ ರೆಸಿನ್ ಪ್ಯಾಡ್ ಕಾದು ಹೊಳಪೇರುತ್ತದೆ, ಮತ್ತೆ ಕೂಗು ಶುರು.

ಕೊರತೆಗಳಿವೆ. ಲಿವರ್ ಉದ್ದ, ಒಂದಕ್ಕಿಂತ ಹೆಚ್ಚು ಬೆರಳಿನ ಅಳತೆಯದ್ದು. ನಾನು ಅದನ್ನು ಗ್ರಿಪ್ಪಿನಿಂದ ಒಳಕ್ಕೆ ಸರಿಸಿ ಒಂದು ಬೆರಳಿಗೆ ಹೊಂದಿಸಿಕೊಂಡಿದ್ದೇನೆ. ಲಿವರ್ ದೂರ ಹತ್ತಿರ ಮಾಡಲು ಸಣ್ಣ ಅಲೆನ್ ಕೀ ಬೇಕೇ ಬೇಕು. ಜಂಬಿಟ್ಟಿಗೆ ಮಣ್ಣಿನ ಕೆಸರಿನಲ್ಲಿ ರೆಸಿನ್ ಪ್ಯಾಡ್ ಬೇಗ ಸವೆಯುತ್ತದೆ. ಮೆಟಲ್ ಪ್ಯಾಡ್ ಹಾಕೋಣ ಅಂದರೆ ನನ್ನ ರೋಟರಿನ ಮೇಲೆ 'ರೆಸಿನ್ ಪ್ಯಾಡ್ ಓನ್ಲಿ' ಎಂದು ಕೊರೆದಿದೆ. ನಿಮ್ಮದರ ಮೇಲೆ ಏನಿದೆ ಎಂದು ಓದದೆ ಮೆಟಲ್ ಪ್ಯಾಡ್ ಕೊಳ್ಳಬೇಡಿ, ಮೆದು ರೋಟರ್ ಬೇಗ ಸವೆದುಹೋಗುತ್ತದೆ.

ಇನ್ನೊಂದು ಮುಖ್ಯವಾದದ್ದು. ಲಿವರ್ ಮೆತ್ತಗಾಯಿತು ಎಂದು ಮೋಟರ್ ಬೈಕ್ ಮೆಕ್ಯಾನಿಕ್ ಹತ್ತಿರ ಹೋದರೆ ಅವರ ಬಳಿ ಇರುವುದು ಡಾಟ್ 3 ಅಥವಾ ಡಾಟ್ 4 ಎಂಬ ಬ್ರೇಕ್ ಆಯಿಲ್. ಅದನ್ನು ಇದಕ್ಕೆ ಹಾಕಿದರೆ ಒಳಗಿನ ಸೀಲುಗಳು ಉಬ್ಬಿ ಬ್ರೇಕೇ ಹೋಗುತ್ತದೆ. ಇದಕ್ಕೆ ಬೇಕಾದದ್ದು ಕೆಂಪು ಬಣ್ಣದ ಮಿನರಲ್ ಆಯಿಲ್. ಒಂದು ಸಣ್ಣ ಬಾಟಲಿ ತಂದು ಮನೆಯಲ್ಲೇ ಇಟ್ಟುಕೊಳ್ಳಿ, ಬ್ಲೀಡ್ ಮಾಡಿಸುವಾಗ (ಒಳಗೆ ಸೇರಿದ ಗಾಳಿ ತೆಗೆಸುವಾಗ) ನೀವೇ ಒಯ್ದು ಕೊಡಿ.

ಆರು ಸಾವಿರದೊಳಗಿನ ಬಜೆಟ್ಟಿನಲ್ಲಿ, ಮಳೆ ನಾಡಿನಲ್ಲಿ, ನಾನು ಮತ್ತೆ ಕೊಳ್ಳುವುದಾದರೂ ಇದನ್ನೇ ಕೊಳ್ಳುತ್ತೇನೆ. ಮುಂದಿನ ಮಳೆಗಾಲಕ್ಕೆ ಮುಂಚೆ ಮುಂದಿನ ಚಕ್ರಕ್ಕೆ 180 ಮಿ.ಮೀ. ರೋಟರ್ ಹಾಕಿಸುವ ಯೋಚನೆ ಇದೆ. ನನ್ನ ತೂಕಕ್ಕೆ, ಆ ಇಳಿಜಾರಿಗೆ 160 ಸ್ವಲ್ಪ ಹೆಚ್ಚೇ ಕಾಯುತ್ತದೆ. ಅದಕ್ಕೆ ಬೇಕಾದ ಅಡಾಪ್ಟರ್ ಸಿಕ್ಕಿದೆ, ನನ್ನ ಫೋರ್ಕ್ 180ಕ್ಕೆ ತಡೆಯುತ್ತದೆ ಎಂದು ಅದರ ಕೈಪಿಡಿಯಲ್ಲಿ ನೋಡಿ ಖಚಿತ ಮಾಡಿಕೊಂಡಿದ್ದೇನೆ. ಈ ಸಲ ಮೆಟಲ್ ಪ್ಯಾಡಿಗೂ ಆಗುವ ರೋಟರನ್ನೇ ಆರಿಸಿದ್ದೇನೆ.