ಮೈಸೂರಿನ ಗಂಗೋತ್ರಿ ಕ್ಯಾಂಪಸ್ ಹತ್ರದ ಜೆರಾಕ್ಸ್ ಅಂಗಡಿ: ಅಘುಲ್ ಭಾಷೆ ಪ್ರಿಂಟ್ ಮಾಡ್ಸಿದ್ಮೇಲೆ ನಾಲ್ಕು ಸ್ಟಾರ್

ಮಾಮೂಲಿ ನೋಟ್ಸ್ ಜೆರಾಕ್ಸ್ ಯಾರ್ ಬೇಕಾದ್ರೂ ಮಾಡ್ಕೊಡ್ತಾರೆ, ಅದಕ್ಕೆಲ್ಲ ರಿವ್ಯೂ ಬೇಕಿಲ್ಲ. ನಂದು ಭಾಷಾವಿಜ್ಞಾನದ ಸೆಮಿನಾರ್ ಪೇಪರು, ವಿಷ್ಯ ಅಘುಲ್ ಅಂತ, ರಷ್ಯಾದ ದಾಗೆಸ್ತಾನ್ ದಕ್ಷಿಣದ ಬೆಟ್ಟಗಳಲ್ಲಿ ಹತ್ರತ್ರ 30,000 ಜನ ಆಡೋ ಭಾಷೆ, ಲೆಜ್ಗಿ ಭಾಷೆಗೆ ನೆಂಟ. ಕನ್ನಡ, ಇಂಗ್ಲಿಷು, ರಷ್ಯನ್ ಅಕ್ಷರ, ಅದ್ರ ಜೊತೆಗೆ ಐಪಿಎ ಚಿಹ್ನೆ (ಯಾವ್ ಭಾಷೆಯ ಉಚ್ಚಾರಣೆನಾದ್ರೂ ಬರೆಯೋ ಅಕ್ಷರಗಳು) ಎಲ್ಲಾ ಒಂದೇ ಪುಟದಲ್ಲಿ. ಮೊದ್ಲು ಸರಸ್ವತಿಪುರಂ ಕಡೆ ಒಂದ್ ಅಂಗಡೀಲಿ ಕೊಟ್ಟಿದ್ದೆ, ಅರ್ಧ ಪೇಜು ಬರೀ ಖಾಲಿ ಡಬ್ಬಗಳೇ ಬಂದ್ವು, ಕೇಳುದ್ರೆ ನಿಮ್ ಫೈಲೇ ಹಂಗಿದೆ ಅಂದು ದುಡ್ಡು ಇಸ್ಕೊಂಡ್ರು.

ಇಲ್ಲಿ ಹುಡುಗ ಪೆನ್‌ಡ್ರೈವ್ ಹಾಕಿದ್ ತಕ್ಷಣ "ಅಕ್ಕಾ ಇದ್ನ ನಿಮ್ ಲ್ಯಾಪ್‌ಟಾಪಲ್ಲೇ ಫಾಂಟ್ ಸೇರ್ಸಿ ಪಿಡಿಎಫ್ ಮಾಡ್ಕೊಡಿ, ನಮ್ ಸಿಸ್ಟಮಲ್ಲಿ ಓಪನ್ ಮಾಡುದ್ರೆ ಕೆಟ್ಟೋಗುತ್ತೆ" ಅಂದ. ಆಮೇಲೆ ಒಂದು ಪುಟ ಸ್ಯಾಂಪಲ್ ತೆಗ್ದು ಕೈಗೆ ಕೊಟ್ಟು, ನೋಡ್ಕೊಂಡು ಹೇಳಿ ಅಂತ. ಇದು ಮುಖ್ಯ, ಯಾಕಂದ್ರೆ ಅಘುಲ್‌ನ ಬುರ್ಕಿಖಾನ್ ಊರಿನ ಮಾತಲ್ಲಿ ಗಂಟಲಿನ ಆಳದಿಂದ ಬರೋ ಎರಡು ಥರದ ಸದ್ದು ಬೇರೆಬೇರೆ ಇದಾವೆ, ಒಂದಕ್ಕೆ ಅಡ್ಡಗೆರೆ ಹಾಕಿದ ಎಚ್, ಇನ್ನೊಂದು ಇನ್ನೂ ಕೆಳಗಿಂದ ಬರೋದು, ಅದಕ್ಕೆ ಕುಳ್ಳ ದೊಡ್ಡಕ್ಷರದ ಎಚ್. ಈ ವ್ಯತ್ಯಾಸ ಇಟ್ಕೊಂಡಿರೋ ಭಾಷೆ ಪ್ರಪಂಚದಲ್ಲೇ ಅಪರೂಪ, ಪ್ರಿಂಟಲ್ಲಿ ಎರಡೂ ಒಂದೇ ಥರ ಬಂದ್ರೆ ನನ್ ಪೇಪರೇ ವೇಸ್ಟು. ಇನ್ನೊಂದು ಪಾಲೋಚ್ಕ ಅನ್ನೋ ನೆಟ್ಟಗೆ ನಿಂತ ಗೀಟು, ಕ, ತ, ಪ ಗಳನ್ನ ಗಂಟಲು ಬಿಗಿಹಿಡ್ದು ಟಕ್ ಅಂತ ಸಿಡಿಸೋದಕ್ಕೆ ಪಕ್ಕದಲ್ಲಿ ಹಾಕೋದು, ನಮ್ ಖ ಥ ತರ ಉಸಿರು ಬಿಡೋದಲ್ಲ. ಎಲ್ಲಾ ಕರೆಕ್ಟಾಗಿ ಬಂತು.

ವಿಭಕ್ತಿ ಟೇಬಲ್ಲು ಎ4ಗೆ ಹಿಡಿಸ್ಲಿಲ್ಲ. ಒಳಗೆ, ಮೇಲೆ, ಕೆಳಗೆ, ಹಿಂದೆ ಅಂತ ನಾವು ಬೇರೆ ಪದ ಹಾಕ್ತೀವಲ್ಲ ಅದೆಲ್ಲ ಅಲ್ಲಿ ನಾಮಪದದ ಬಾಲಕ್ಕೇ ಅಂಟ್ಕೊಳ್ಳುತ್ತೆ, ಅದ್ರಲ್ಲೂ ಅಲ್ಲಿ ಇರೋದು, ಅಲ್ಲಿಗೆ ಹೋಗೋದು, ಅಲ್ಲಿಂದ ಬರೋದು ಮೂರಕ್ಕೂ ಬೇರೆಬೇರೆ, ಒಟ್ಟು 20ರ ಮೇಲಾಗುತ್ತೆ. ಆದ್ರೆ ಕ್ರಿಯಾಪದ ಸಖತ್ ಸುಲಭ, ಬಂದ ಬಂದಳು ಬಂತು ಗಲಾಟೆ ಇಲ್ಲ, ಲಿಂಗ ಪೂರ್ತಿ ಬಿಟ್ಟೋಗಿದೆ, ಅಕ್ಕಪಕ್ಕದ ರುತುಲ್, ತ್ಸಖುರ್ ಭಾಷೆಗಳಲ್ಲಿ ಇನ್ನೂ ಇದೆ. ಟೇಬಲ್ ಎ3 ಶೀಟಲ್ಲಿ ಅಡ್ಡ ಹಾಕಿ ಮಡಚಿ ಸ್ಪೈರಲ್ ಒಳಗೆ ಸೇರಿಸ್ಕೊಟ್ಟ, ಬಿಚ್ಚುದ್ರೆ ಹರಿಯಲ್ಲ.

ರೇಟು ಬೇರೆ ಕಡೆಗಿಂತ ಸ್ವಲ್ಪ ಜಾಸ್ತಿ, ಎ3ಗೆ ಅಂತೂ ಬಾಯ್ಬಿಟ್ಟೆ. ಒಂದ್ ಸ್ಟಾರ್ ಕಟ್ ಮಾಡಿದ್ದು ಬೈಂಡಿಂಗ್ ಕವರ್‌ಗೆ, ಪ್ಲಾಸ್ಟಿಕ್ ತೆಳು, ಮೂಲೆ ಆಗ್ಲೇ ಮುದುರ್ಕೊಂಡಿದೆ. ಇಂಟರ್ನಲ್ಸ್ ಟೈಮಲ್ಲಿ ಕಾಲಿಡಕ್ಕೂ ಜಾಗ ಇರಲ್ಲ, ಬೆಳಿಗ್ಗೆ ಶಟರ್ ತೆಗ್ಯೋ ಹೊತ್ತಿಗೇ ಹೋಗ್ಬಿಡಿ.